ಹೆದೆಯೇರಿಸಿದ ಬಿಲ್ಲಿನ ಅಳತೆ: 'ಧನುರ್ಮುಷ್ಟಿ' ಎಂಬ ಮಾತಿನ ವಿಚಾರ

ಕನ್ನಡ ಕಾವ್ಯಗಳಲ್ಲಿ ಬಿಲ್ಲಿನ ಪ್ರಸಂಗ ಬಂದಲ್ಲೆಲ್ಲಾ ಮೂರು ಕ್ರಿಯೆಗಳು ಒಂದರ ಹಿಂದೊಂದು ಬರುವುವು: ಹೆದೆಯನ್ನು ಏರಿಸುವುದು, ಏರಿಸಿದ ಹೆದೆಯನ್ನು ಮಿಡಿಯುವುದು, ಅಂಬನ್ನು ಹೂಡಿ ಕಿವಿಯವರೆಗೆ ಸೆಳೆಯುವುದು. ಪಾಠ ಹೇಳುವಾಗ ಇವುಗಳಲ್ಲಿ ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ಎಂದು ತಿಳಿಸಿಬಿಡುವುದು ಸಾಮಾನ್ಯವಾಗಿದೆ. 'ಹೆದೆಯೇರಿಸಿದನು' ಎಂಬುದಕ್ಕೆ 'ಬಿಲ್ಲನ್ನು ಎಳೆದನು' ಎಂದು ಅರ್ಥ ಬರೆದುಕೊಂಡ ವಿದ್ಯಾರ್ಥಿಗೆ ಸ್ವಯಂವರದ ಕಥೆಯ ತಿರುಳೇ ತಪ್ಪಿಹೋಗುತ್ತದೆ. ಹೆದೆಯೇರಿಸುವುದೆಂದರೆ ಸಡಿಲವಾಗಿ ಇಟ್ಟಿದ್ದ ಬಿಲ್ಲಿನ ದಂಡವನ್ನು ಬಾಗಿಸಿ, ಒಂದು ಕೊಪ್ಪಿಗೆ ಕಟ್ಟಿದ ಹೆದೆಯ ಇನ್ನೊಂದು ಕುಣಿಕೆಯನ್ನು ಎದುರು ಕೊಪ್ಪಿಗೆ ಸಿಕ್ಕಿಸುವುದು. ಇಷ್ಟಾದ ಬಿಲ್ಲು 'ಅಧಿಜ್ಯ', ಹೆದೆಯಿಳಿಸಿದುದು 'ವಿಜ್ಯ'. ಹೆದೆಗೆ ಕನ್ನಡದಲ್ಲಿ ಪೆದೆ, ತಿರು, ನಾರಿ ಎಂಬ ಹೆಸರುಗಳುಂಟು. ಇವುಗಳಲ್ಲಿ 'ನಾರಿ' ಎಂಬುದು ನಾರಿನ ನೆನಪನ್ನು ಇನ್ನೂ ಉಳಿಸಿಕೊಂಡಿದೆ, ಶ್ಲೇಷಪ್ರಿಯರಾದ ಕವಿಗಳಿಗೆ ಬೇರೊಂದು ಉಪಯೋಗವನ್ನೂ ಒದಗಿಸಿದೆ.

ವಾಲ್ಮೀಕಿಯ ಕಥೆಯಲ್ಲಿ ಜನಕನು ಒಡ್ಡಿದ ಪಣವು ಬಿಲ್ಲಿಗೆ ಹೆದೆಯೇರಿಸುವುದೇ ಆಗಿತ್ತು. ರಾಮನು ಮೊದಲು ಹೆದೆಯನ್ನೇರಿಸುತ್ತಾನೆ, ಆಮೇಲೆ ಪೂರ್ತಿಯಾಗಿ ಸೆಳೆಯುತ್ತಾನೆ. ಬಿಲ್ಲು ನಡುವೆ ಮುರಿಯುವುದು ಸೆಳೆದಾಗಲೇ ಹೊರತು ಏರಿಸಿದಾಗಲ್ಲ. ದ್ರೌಪದಿಯ ಸ್ವಯಂವರದಲ್ಲಿಯೂ ಅರಸರು ಸೋಲುವುದು ಗುರಿಯ ಮುಂದೆ ಅಲ್ಲ, ಅದಕ್ಕೂ ಮೊದಲು, ಬಿಲ್ಲಿಗೆ ಹೆದೆ ಕಟ್ಟಲಾರದೆ. ಗ್ರೀಕರ ಒಡಿಸ್ಸಿಯ ೨೧ನೆಯ ಸರ್ಗದಲ್ಲಿ ಇದೇ ಪರೀಕ್ಷೆಯು ಬರುತ್ತದೆ. ಅಲ್ಲಿ ವಿವಾಹಾರ್ಥಿಗಳು ಬಿಲ್ಲನ್ನು ಬೆಂಕಿಗೆ ಕಾಯಿಸಿ, ಕೊಬ್ಬು ಸವರಿ ಮೆತ್ತಗೆ ಮಾಡಲೆತ್ನಿಸಿಯೂ ಹೆದೆಯೇರಿಸಲಾರದೆ ಹೋಗುವರು. ಒಡೆಯನಾದ ಒಡಿಸ್ಸಿಯಸ್ಸನು ಕುಳಿತಲ್ಲಿಯೇ ಏರಿಸಿ, ಹೆದೆಯನ್ನು ಮಿಡಿದು ಅದರ ದನಿಯನ್ನು ಕೇಳುವನು. ಬಲವೊಂದೇ ಸಾಲದೆ ಆ ಬಿಲ್ಲಿನ ಬಳಕೆಯೂ ಬೇಕಾದ ಕೆಲಸವಿದು ಎಂಬುದನ್ನು ಎರಡು ದೇಶದ ಕವಿಗಳೂ ಬಲ್ಲವರಾಗಿದ್ದರು.

ಹೆದೆಯೇರಿಸಿದ ಮೇಲೆ ಬಿಲ್ಲಿನ ಹಿಡಿಗೂ ಹೆದೆಗೂ ನಡುವೆ ಒಂದು ತೆರಪು ಉಂಟಾಗುತ್ತದೆ. ಇದನ್ನು ಅನುಕೂಲಕ್ಕಾಗಿ 'ಹೆದೆಯಂತರ' ಎಂದು ಕರೆಯಬಹುದು. ಈ ಅಂತರವು ಎಷ್ಟಿರಬೇಕು? ಪ್ರಶ್ನೆಯು ಬಿಲ್ಲುಗಾರನಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ಅರ್ಜುನನ ತೋಳಿನ ಕಲೆಯಿಂದ ಹಿಡಿದು ಕೌಟಿಲ್ಯನ ಅಳತೆಯ ಕೋಷ್ಟಕದವರೆಗೆ ಹಲವು ಮಾತುಗಳು ಈ ಒಂದು ತೆರಪನ್ನು ಅವಲಂಬಿಸಿಕೊಂಡಿವೆ.

ಮೊದಲು ಲೆಕ್ಕವನ್ನು ನೋಡಬೇಕು. ಅರ್ಥಶಾಸ್ತ್ರದ ದೇಶಕಾಲಮಾನದ ಅಧ್ಯಾಯದಲ್ಲಿ ೨೪ ಅಂಗುಲಕ್ಕೆ ಒಂದು ಮೊಳ, ೪ ಮೊಳಕ್ಕೆ ಒಂದು ಧನುಸ್ಸು. ಎಂದರೆ ಬಿಲ್ಲೆಂಬುದೇ ೯೬ ಅಂಗುಲದ ಒಂದು ಅಳತೆಯಾಗಿದೆ. ಮೊಳವನ್ನು ೧೮ ಇಂಚೆಂದು ಹಿಡಿದರೆ ಅಂಗುಲವು ಮುಕ್ಕಾಲು ಇಂಚು, ಬಿಲ್ಲು ೬ ಅಡಿ. ಇಂಥ ಒಂದು ನೆಟ್ಟನೆಯ ಬಿಲ್ಲನ್ನು ಬಾಗಿಸಿದಾಗ ಅದು ವೃತ್ತದ ಒಂದು ತುಂಡಿನಂತೆ ಬಾಗುವುದೆಂದು ಭಾವಿಸೋಣ. ಹಿಡಿಯ ಬಳಿ ಬಿಲ್ಲು ದಪ್ಪವಾಗಿರುವುದರಿಂದ ಇದು ಪೂರಾ ನಿಜವಲ್ಲ. ಆದರೂ ಅಂದಾಜಿಗೆ ಸಾಕು. ಹೆದೆಯಂತರವು ೮ ಅಂಗುಲವಾಗಬೇಕಾದರೆ ಹೆದೆಯ ಉದ್ದವು ೯೪ ಅಂಗುಲಕ್ಕಿಂತ ತುಸು ಹೆಚ್ಚಾಗಿರಬೇಕು, ಅಂದರೆ ಬಿಲ್ಲಿಗಿಂತ ಸುಮಾರು ಒಂದೂಮುಕ್ಕಾಲು ಅಂಗುಲ ಮಾತ್ರ ಗಿಡ್ಡ. ಹೆದೆಯನ್ನು ಇನ್ನೊಂದು ಅಂಗುಲ ಗಿಡ್ಡ ಮಾಡಿದರೆ ಅಂತರವು ೮ರಿಂದ ೧೦ಕ್ಕೆ ಏರುತ್ತದೆ. ಹೆದೆಯಲ್ಲಿ ಒಂದಂಗುಲ, ಅಂತರದಲ್ಲಿ ಎರಡಂಗುಲ. ಹೆದೆಯ ಉದ್ದದಲ್ಲಾಗುವ ಅಲ್ಪವಾದ ವ್ಯತ್ಯಾಸವು ಅಂತರದಲ್ಲಿ ಇಮ್ಮಡಿಯಾಗಿ ತೋರುತ್ತದೆ.

ಇದರ ಮರುಮುಖವೇ ಹೆಚ್ಚು ಮುಖ್ಯವಾದುದು. ೮ ಅಂಗುಲದ ಅಂತರಕ್ಕೆ ಕಟ್ಟಿದ ಹೆದೆಯು ನೂರಕ್ಕೆ ಎರಡು ಪಾಲು ಹಿಗ್ಗಿದರೆ ಸಾಕು, ಅಂತರವು ಪೂರ್ತಿಯಾಗಿ ಅಳಿದು ಬಿಲ್ಲು ಮತ್ತೆ ನೆಟ್ಟಗಾಗಿ ನಿಲ್ಲುವುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಈ ಮಾತನ್ನು ಪರೀಕ್ಷಿಸುವುದಕ್ಕೆ ಬೇರೆ ಸಾಧನ ಬೇಕಾಗಿಲ್ಲ. ಅಲ್ಲಿ ಕೈಗೆ ಮೊದಲು ಸಿಕ್ಕುವ ನಾರು ತೆಂಗಿನದು. ಬಿದಿರ ಸೀಳನ್ನು ಬಾಗಿಸಿ ತೆಂಗಿನ ಹುರಿಯನ್ನು ಬಿಗಿದು, ಸೋಗೆಯ ಕಡ್ಡಿಯನ್ನೇ ಅಂಬಾಗಿ ಮಾಡಿಕೊಂಡ ಹುಡುಗನ ಬಿಲ್ಲು ನಾಲ್ಕಾರು ಎಸುಗೆಗಳಲ್ಲಿಯೇ ಸಡಿಲವಾಗುವುದು. ಹುಡುಗನು ಗಂಟನ್ನು ಬಿಚ್ಚಿ ಮತ್ತೆ ಬಿಗಿಯುವನು, ಮತ್ತೆ ಸಡಿಲವಾಗುವುದು. ಇದು ಅವನ ಕೈಯ ತಪ್ಪಲ್ಲ, ನಾರಿನ ಸ್ವಭಾವ. ತೆಂಗಿನ ನಾರು ಎಳೆದರೆ ಬಹಳವಾಗಿ ಹಿಗ್ಗುವುದು, ಕಡಿಯುವುದಕ್ಕೆ ಮುಂಚೆ ನೂರಕ್ಕೆ ಹದಿನೈದು ಇಪ್ಪತ್ತು ಪಾಲಿಗೂ ಮೀರಿ ನೀಳವಾಗಬಲ್ಲುದು. ಹಡಗಿನ ಲಂಗರಿನ ಹಗ್ಗಕ್ಕೆ ಇದು ದೊಡ್ಡ ಗುಣ, ಏಕೆಂದರೆ ಅಲೆಯ ಜಗ್ಗಾಟವನ್ನು ಹಗ್ಗವೇ ತಾಳಿಕೊಳ್ಳುತ್ತದೆ. ಹೆದೆಗಾದರೋ ಇದೇ ಪರಮ ದೋಷ. ಹಿಗ್ಗುವ ಹೆದೆಯು ಬಿಲ್ಲಿನ ಬಲವನ್ನು ಅಂಬಿಗೆ ಕೊಡದೆ ತಾನೇ ನುಂಗಿಕೊಳ್ಳುವುದು.

ಹೀಗಿರಲು ಅರ್ಥಶಾಸ್ತ್ರದ ಆಯುಧಾಗಾರಾಧ್ಯಕ್ಷನ ಅಧ್ಯಾಯದಲ್ಲಿ ಹೆದೆಗೆ ಹೇಳಿರುವ ಆರು ವಸ್ತುಗಳಲ್ಲಿ ತೆಂಗಿನ ನಾರು ಇಲ್ಲದಿರುವುದು ಆಶ್ಚರ್ಯವಲ್ಲ. ಅಲ್ಲಿರುವುವು ಮೂರ್ವಾ, ಎಕ್ಕ, ಸೆಣಬು, ಗವೇಧು, ಬಿದಿರು, ಸ್ನಾಯು ಎಂಬುವು. ಬಿಲ್ಲಿನ ದಂಡಕ್ಕೆ ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ಪ್ರಕಟಿಸಿದಂದಿನಿಂದ ರಾಜನೀತಿಯ ಭಾಗಕ್ಕೆ ಬಂದಷ್ಟು ವ್ಯಾಖ್ಯಾನವು ಈ ಪಟ್ಟಿಗಳಿಗೆ ಬಂದಿಲ್ಲ. ಮೂರ್ವಾ ಎಂಬುದು ಹಿಗ್ಗದೆ ಗಟ್ಟಿಯಾಗಿ ನಿಲ್ಲುವ ನಾರಿನ ಗಿಡ. ಅದರಿಂದಲೇ ಹೆದೆಗೆ 'ಮೌರ್ವಿ' ಎಂಬ ಹೆಸರು. ಗಿಡದ ಹೆಸರೇ ಹೆದೆಗೆ ನಿಂತುಹೋಯಿತೆಂದರೆ ಉಳಿದ ನಾರುಗಳಿಗಿಂತ ಅದಕ್ಕೆ ಎಷ್ಟು ಮನ್ನಣೆಯಿತ್ತೆಂಬುದು ತಿಳಿಯುತ್ತದೆ. ಸ್ನಾಯುವಿನ ಹೆದೆಗೆ ಬೇರೊಂದು ತೊಡಕುಂಟು. ಅದು ತೇವಕ್ಕೆ ನೀಳವಾಗುವುದು, ಒಣಗಿದರೆ ಕುಗ್ಗುವುದು. ಹುರಿಗೊಳಿಸಿದ ಗಿಡದ ನಾರು ಇದಕ್ಕೆ ವಿರುದ್ಧ: ನೆನೆದರೆ ಎಳೆಗಳು ಉಬ್ಬಿ ಹುರಿಯು ಗಿಡ್ಡವಾಗುವುದು. ಬಾವಿಯ ಹಗ್ಗವನ್ನು ಬಲ್ಲವರಿಗೆ ಇದು ಹೊಸದಲ್ಲ. ಆದುದರಿಂದ ಒಂದೇ ಬಿಲ್ಲಿನ ಹೆದೆಯಂತರವು ಮಳೆಗಾಲಕ್ಕೊಂದು ಬೇಸಗೆಗೊಂದು ಆಗುವುದು. ಒಮ್ಮೆ ಸರಿಮಾಡಿಟ್ಟರೆ ಮುಗಿಯಿತೆಂದು ಹೇಳುವಂತಿಲ್ಲ.

ಇನ್ನು ಅಂತರವು ಹೆಚ್ಚಾದರೆ ಏನು, ಕಡಿಮೆಯಾದರೆ ಏನು? ಹೆದೆಯು ಅಂಬನ್ನು ತಳ್ಳುವುದು ಸೆಳೆದ ಸ್ಥಾನದಿಂದ ತನ್ನ ವಿಶ್ರಾಂತಿಯ ಸ್ಥಾನದವರೆಗೆ. ಹಿಡಿಯಿಂದ ೩೬ ಅಂಗುಲದವರೆಗೆ ಸೆಳೆಯುವ ಬಿಲ್ಲಿನಲ್ಲಿ ಅಂತರವು ೮ ಆದರೆ ತಳ್ಳುವ ದಾರಿ ೨೮ ಅಂಗುಲ, ೧೦ ಆದರೆ ೨೬. ಹದಿನಾಲ್ಕರಲ್ಲಿ ಒಂದು ಪಾಲು ದಾರಿಯು ನಷ್ಟವಾಯಿತು. ಅಂತರ ಹೆಚ್ಚಿದ ಬಿಲ್ಲು ಸೆಳೆದ ಕೊನೆಯಲ್ಲಿ ತುಸು ಹೆಚ್ಚು ಬಿರುಸಾಗಿರುವುದರಿಂದ ಬಲದ ನಷ್ಟವು ಇದಕ್ಕಿಂತ ಕೊಂಚ ಕಡಿಮೆ, ಆದರೂ ನಷ್ಟವೇ. ಅಲ್ಲದೆ ಬಿಲ್ಲು ಯಾವಾಗಲೂ ಹೆಚ್ಚು ಬಾಗಿಯೇ ಇರಬೇಕಾಗುವುದರಿಂದ ಮರವು ಬೇಗ ಬಳಲಿ, ಹೆದೆಯಿಳಿಸಿದರೂ ನೆಟ್ಟಗಾಗದಂಥ ಡೊಂಕನ್ನು ಹೊಂದುವುದು. ಹಾಗಾದರೆ ಅಂತರವನ್ನು ಆದಷ್ಟು ಕಿರಿದು ಮಾಡುವುದೇ ಲೇಸಲ್ಲವೆ? ಅಲ್ಲ. ಹೆದೆಯು ಅಂಬನ್ನು ಬಿಟ್ಟ ಮೇಲೂ ತುಸು ಮುಂದಕ್ಕೆ ಹಾಯುವುದು. ಅಂತರ ಕಿರಿದಾದರೆ ಹಾಗೆ ಹಾಯ್ದ ಹೆದೆಯು ಬಿಲ್ಲು ಹಿಡಿದ ತೋಳಿನ ಒಳಮಗ್ಗುಲನ್ನು ಹೊಡೆಯುವುದು. ಮತ್ತೊಂದು ಕಾರಣವು ಅಂಬಿಗೆ ಸಂಬಂಧಿಸಿದ್ದು. ಅಂಬು ಬಿಲ್ಲಿನ ನಡುವೆ ತೂರಿಹೋಗುವುದಿಲ್ಲ, ಪಕ್ಕದಿಂದ ಹೋಗುತ್ತದೆ. ಹೆದೆಯು ಬಿಲ್ಲಿಗೆ ಹತ್ತಿರ ಬಂದಷ್ಟೂ ಅಂಬಿನ ಹಿಂತುದಿಯು ನಡುಗೆರೆಗೆ ಸೆಳೆಯಲ್ಪಟ್ಟು, ಮೂತಿಯು ಓರೆಯಾಗುವುದು; ಅಂಬು ಮೈಬಳುಕಿಸಿಕೊಂಡು ಬಿಲ್ಲನ್ನು ಸುತ್ತಿಹೋಗಬೇಕಾಗುವುದು. ಈ ಬಳುಕನ್ನು ಅಮೆರಿಕದ ಹಿಕ್‌ಮನ್ ಎಂಬ ವಿಜ್ಞಾನಿಯು ಅತಿವೇಗದ ಛಾಯಾಚಿತ್ರಗಳಿಂದ ತೋರಿಸಿಕೊಟ್ಟನು. ಆತನೂ ಸಂಗಡಿಗರೂ ನಡೆಸಿದ ಶೋಧನೆಗಳು ೧೯೪೭ರಲ್ಲಿ ಗ್ರಂಥರೂಪವಾಗಿ ಬಂದುವು. ಅಂತರ ಕಿರಿದಾದಷ್ಟೂ ಓರೆ ಹೆಚ್ಚು, ಗರಿಯು ಬಿಲ್ಲಿಗೆ ಉಜ್ಜುವುದು, ಗುರಿ ತಪ್ಪುವುದು.

ಹೀಗೆ ವೇಗವು ಒಂದು ಕಡೆಗೆ ಎಳೆದರೆ ತೋಳು, ಗರಿ, ಗುರಿಗಳು ಇನ್ನೊಂದು ಕಡೆಗೆ ಎಳೆಯುವುವು. ಇಂಗ್ಲೆಂಡಿನ ಎಂಟನೆಯ ಹೆನ್ರಿ ದೊರೆಗೆ ಅರ್ಪಿತವಾಗಿ ೧೫೪೫ರಲ್ಲಿ ಹೊರಬಂದ ರಾಜರ್ ಆಸ್ಕಮ್ಮನ 'ಟಾಕ್ಸೋಫಿಲಸ್' ಎಂಬ ಧನುರ್ವಿದ್ಯಾಗ್ರಂಥವು ಈ ಜಗಳವನ್ನು ನೇರವಾಗಿ ಎತ್ತಿಕೊಂಡು ತೀರ್ಪು ಕೊಡುತ್ತದೆ. ಕಿರಿಯ ಅಂತರಕ್ಕೆ ಅಂಬು ವೇಗವಾಗಿ ದೂರ ಹೋಗುವುದೊಂದೇ ಗುಣ. ಹಿರಿಯ ಅಂತರಕ್ಕಾದರೋ ಹಲವು, ತೋಳಿಗೆ ಕಾಪು ಬೇಡ, ಗರಿಗೆ ಕೇಡಿಲ್ಲ, ಇತ್ಯಾದಿಯಾಗಿ ಎಣಿಸಿ, ಕೊನೆಗೆ ಆತನು ಹೇಳುವ ಅಳತೆಯು ಕನ್ನಡ ವಾಚಕರಿಗೆ ಕುತೂಹಲಕರವಾದುದು. ಹೆಬ್ಬೆರಳನ್ನು ನೀಡಿದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು. ಹೆಬ್ಬೆರಳು ನೀಡಿದ ಮುಷ್ಟಿಯೆಂಬುದು ಇಂಗ್ಲಿಷರ ಹಳೆಯ ಅಳತೆಗಳಲ್ಲೊಂದು. ಅದರ ಮೊತ್ತ ೬ ಇಂಚು.

ಈಗ ಅರ್ಥಶಾಸ್ತ್ರದ ಮಾನಾಧ್ಯಾಯಕ್ಕೆ ಮರಳಬಹುದು. ಅಂಗುಲಕ್ಕೂ ೧೨ ಅಂಗುಲದ ವಿತಸ್ತಿಗೂ, ಅಂದರೆ ನಮ್ಮ ಗೇಣಿಗೂ, ನಡುವೆ ಅಲ್ಲಿ ಎರಡು ವಿಚಿತ್ರವಾದ ಹೆಸರುಗಳಿವೆ: ೪ ಅಂಗುಲಕ್ಕೆ 'ಧನುರ್ಗ್ರಹ', ೮ ಅಂಗುಲಕ್ಕೆ 'ಧನುರ್ಮುಷ್ಟಿ'. ಧನುರ್ಗ್ರಹವು ಬಿಲ್ಲನ್ನು ಹಿಡಿಯುವ ಕೈಯಗಲ. ನಾಲ್ಕು ಬೆರಳು ಮಡಿಸಿದರೆ ನಾಲ್ಕಂಗುಲ, ಇದರಲ್ಲಿ ಸಂದೇಹವಿಲ್ಲ. ಆದರೆ ಮುಷ್ಟಿಯು ಹಿಡಿಯ ಇಮ್ಮಡಿಯಾಗುವುದು ಹೇಗೆ? ಬರಿಯ ಮುಷ್ಟಿಯನ್ನು ಎಲ್ಲಿ ಅಳೆದರೂ ಎಂಟಂಗುಲ ಬಾರದು. ಎರಡು ಮುಷ್ಟಿಗಳನ್ನು ಒಂದರ ಮೇಲೊಂದಿಟ್ಟರೆ ಬರುವುದು ನಿಜ. ಹಾಗಿದ್ದರೆ ಹೆಸರಿನಲ್ಲಿ ಎರಡೆಂಬುದರ ಸುಳಿವಿರಬೇಕಾಗಿತ್ತು. ಹೆಬ್ಬೆರಳನ್ನು ಮೇಲಕ್ಕೆ ನೀಡಿದ ಮುಷ್ಟಿಯೆಂದು ತಿಳಿದರೆ ಲೆಕ್ಕವು ನೇರವಾಗಿ ಕೂಡುವುದು: ನಾಲ್ಕು ಬೆರಳಿನ ನಾಲ್ಕಂಗುಲ, ಅದರ ಮೇಲೆ ನಿಂತ ಹೆಬ್ಬೆರಳಿನದು ಮಿಕ್ಕ ನಾಲ್ಕು. ಎಂಟು ಅಂಗುಲವೆಂದರೆ ೬ ಇಂಚು. ಇಂಗ್ಲಿಷರ ಅಳತೆಯೂ ಅದೇ. ಬಿಲ್ಲಿನ ಹಿಡಿಯ ಮೇಲೆ ಮುಷ್ಟಿಯನ್ನಿಟ್ಟು, ಹೆಬ್ಬೆರಳು ಹೆದೆಗೆ ತಾಗುವುದೋ ಇಲ್ಲವೋ ಎಂದು ನೋಡುವುದು ಬೇರೆ ಯಾವ ಸಾಧನವೂ ಬೇಡದ ಪರೀಕ್ಷೆ. ಆ ಪರೀಕ್ಷೆಯ ಕೈಯೇ ಅಳತೆಯಾಗಿ, ಅಳತೆಗೆ ಬಿಲ್ಲಿನ ಹೆಸರು ಸೇರಿತೆಂದು ಊಹಿಸುವುದಕ್ಕೆ ಅವಕಾಶವಿದೆ. ಇದು ಊಹೆಯೇ. ಗ್ರಂಥವು ಈ ಅಳತೆಯ ಉಪಯೋಗವನ್ನು ಅಲ್ಲಿ ಹೇಳುವುದಿಲ್ಲ. ಆದರೆ ಬಿಲ್ಲಿನ ಹೆಸರನ್ನು ಹೊತ್ತ ಎಂಟಂಗುಲದ ಅಳತೆಯೊಂದು ಬಿಲ್ಲಿನಲ್ಲಿ ಎಲ್ಲಿ ಹೊಂದುವುದೆಂದು ಕೇಳಿದರೆ ಹೆದೆಯಂತರಕ್ಕಿಂತ ತಕ್ಕ ಸ್ಥಳವು ಕಾಣಬರುವುದಿಲ್ಲ.

ಎಂಟಂಗುಲವು ಕೆಳಗಿನ ಮೇರೆ, ಆಸ್ಕಮ್ಮನ ಎರಡು ಬೆರಳನ್ನು ಸೇರಿಸಿದರೆ ಹತ್ತು. ಭಾರತದ ಬಿಲ್ಲಾಳುಗಳು ಕೆಳಗಿನ ಮೇರೆಯ ಕಡೆಗೇ ಒಲಿದಿದ್ದರೆಂಬುದಕ್ಕೆ ಕಾವ್ಯಗಳಲ್ಲಿ ಒಂದು ಸಾಕ್ಷ್ಯವಿದೆ. ವಿರಾಟಪರ್ವದ ಮೊದಲಲ್ಲಿ ಪಾಂಡವರು ಅಜ್ಞಾತವಾಸದ ವೇಷಗಳನ್ನು ಆಲೋಚಿಸುವಾಗ ಅರ್ಜುನನಿಗಿರುವ ಚಿಂತೆಯು ತೋಳಿನ ಕಲೆಗಳದು. ಹೆದೆಯ ಪೆಟ್ಟಿನಿಂದ ಕಟ್ಟಿದ ಜಡ್ಡು ಅವನ ಎರಡು ತೋಳುಗಳಲ್ಲಿಯೂ ಎದ್ದು ಕಾಣುವುದು. ಅದನ್ನು ಮರೆಸುವುದಕ್ಕೇ ಬಳೆಗಳು, ಬಳೆಗಳಿಗಾಗಿ ಬೃಹನ್ನಳೆಯ ವೇಷ. ಸವ್ಯಸಾಚಿಯಾದುದರಿಂದ ಎರಡು ತೋಳಿಗೂ ಕಲೆ. ಕಾಳಿದಾಸನ ದುಷ್ಯಂತನ ಭುಜಕ್ಕೂ ಮೌರ್ವಿಯ ಕಲೆಯುಂಟು. ಹೆದೆಯು ಹೊಡೆಯದ ಹೊರತು ಕಲೆಯಾಗದು. ಅಂತರವು ಹಿರಿದಾಗಿದ್ದರೆ ಹೆದೆ ಹೊಡೆಯದು. ಅಮರಕೋಶವು ಹೆದೆಯ ಪೆಟ್ಟನ್ನು ತಡೆಯುವ ತೊಡಿಗೆಗೆ ಗೋಧಾ, ತಲ ಎಂಬ ಎರಡು ಹೆಸರುಗಳನ್ನು ಕೊಟ್ಟಿರುವುದೂ ಇದನ್ನೇ ಸೂಚಿಸುತ್ತದೆ. ವೇಗಕ್ಕಾಗಿ ತೋಳನ್ನು ಒಪ್ಪಿಸಿದವರ ಕಲೆಯನ್ನು ಕವಿಗಳು ವೀರಲಕ್ಷಣವೆಂದು ಎಣಿಸಿದುದು ಸಹಜ. ಬಿಲ್ಲಿನ ಒಳಗುಟ್ಟನ್ನು ಬಲ್ಲ ವಿಮರ್ಶಕನು ಅದರಲ್ಲಿ ಕಿರಿಯ ಹೆದೆಯಂತರವನ್ನೂ ಓದಬಹುದು.

ಅದೇ ಪರ್ವದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬನ್ನಿಯ ಮರದ ಮೇಲೆ ಆಯುಧಗಳನ್ನಿಡುವ ಮುಂಚೆ ವ್ಯಾಸನು ಅಣ್ಣತಮ್ಮಂದಿರು ಒಬ್ಬೊಬ್ಬರೂ ತಂತಮ್ಮ ಬಿಲ್ಲಿನ ಹೆದೆಯಿಳಿಸಿದುದನ್ನು ಬೇರೆ ಬೇರೆಯಾಗಿ ಹೇಳುತ್ತಾನೆ. ಓದುವವರಿಗೆ ಇದು ಪುನರುಕ್ತಿಯೆಂದು ತೋರಿ ಪಾಠದಲ್ಲಿ ಬಿಟ್ಟುಹೋಗುವುದುಂಟು. ಒಂದು ವರ್ಷ ಹೆದೆಯೇರಿಸಿಯೇ ಇಟ್ಟ ಬಿಲ್ಲು ಉತ್ತರಗೋಗ್ರಹಣದ ದಿನ ಡೊಂಕು ಕೋಲಾಗಿರುತ್ತಿತ್ತು.

ಜೇವೊಡೆಯ ವಿಷಯವು ಇಷ್ಟು ಸುಲಭವಲ್ಲ. ಯುದ್ಧಕ್ಕೆ ಮುಂಚೆ ವೀರನು ಹೆದೆಯನ್ನು ಮಿಡಿದು ದಿಕ್ಕುಗಳನ್ನು ನಡುಗಿಸುವುದು ಪಂಪನಿಂದೀಚೆಗೆ ಕನ್ನಡ ಕಾವ್ಯದ ರೂಢಿಯೇ ಆಗಿದೆ. ಇದರ ಮೂಲದಲ್ಲಿ ಹೆದೆಯ ದನಿಯಿಂದ ಅದರ ಬಿಗುಪನ್ನು ತಿಳಿಯುವ ಪರೀಕ್ಷೆಯಿತ್ತೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಹೊಸದಾದ ನೆಟ್ಟನೆಯ ಮರದ ಬಿಲ್ಲಿನಲ್ಲಿ ಅಂತರವು ತುಸು ಹೆಚ್ಚು ಕಡಿಮೆಯಾದರೂ ಹೆದೆಯ ಬಿಗುಪು ಹೆಚ್ಚು ಬದಲಾಗದು, ದನಿಯೂ ಹಾಗೆಯೇ. ಬಳಸಿ ಡೊಂಕಾದ ಬಿಲ್ಲಿನಲ್ಲಿ ಅಂತರ ಇಳಿದರೆ ದನಿಯೂ ಇಳಿಯುವುದು. ಹಿಂದುಮುಂದಾಗಿ ಬಾಗಿಸಿ ಹೆದೆಗಟ್ಟುವ ಕೊಂಬಿನ ಬಿಲ್ಲಿನಲ್ಲಾದರೋ ಇದಕ್ಕೆ ವಿಪರೀತ, ಅಂತರ ಇಳಿದಷ್ಟೂ ಬಿಗುಪು ಏರುವುದು. ಹೀಗಾಗಿ ದನಿಯು ಎಲ್ಲ ಬಿಲ್ಲಿಗೂ ಒಂದೇ ಸಾಕ್ಷಿಯಲ್ಲ. ತನ್ನ ಬಿಲ್ಲಿನ ನಿನ್ನೆಯ ದನಿಯನ್ನು ನೆನಪಿಟ್ಟವನಿಗೆ ಮಾತ್ರ ಇಂದಿನ ದನಿಯು ಮಾತಾಡುವುದು. ಎಳೆ ಬಿಚ್ಚಿದ ಹೆದೆ, ಸರಿಯಾಗಿ ಕೂರದ ಕುಣಿಕೆ, ಇವನ್ನೂ ಮಿಡಿತವು ಹೊರಗೆಡಹುವುದು. ಮಿಡಿಯಬೇಕಾದುದು ಬೆರಳ ತುದಿಯಿಂದ. ಅಂಬಿಲ್ಲದೆ ಪೂರ್ತಿ ಸೆಳೆದು ಬಿಟ್ಟರೆ ಅಂಬಿಗೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ಮೇಲೆಯೇ ಬಿದ್ದು ದಂಡವು ಸೀಳುವ ಭಯವುಂಟು. ಕಾವ್ಯದ ವೀರರು ಮಾಡಿದಂತೆ ಮಾಡತಕ್ಕದ್ದಲ್ಲ.

ಪ್ರಯೋಗದ ಕ್ರಮವು ಹೀಗೆ. ಹೆದೆಯನ್ನು ಮೊದಲು ಧನುರ್ಮುಷ್ಟಿಯ ಅಂತರಕ್ಕೆ ಕಟ್ಟಿ, ಹೊಸ ಹೆದೆಯು ಹಿಗ್ಗಿ ನೆಲೆಗೊಳ್ಳುವವರೆಗೆ ಕೆಲಹೊತ್ತು ಹಾಗೆಯೇ ಬಿಡಬೇಕು. ಅನಂತರ ಒಂದೇ ತೂಕದ, ಒಂದೇ ಬಿರುಸಿನ ಆರು ಅಂಬುಗಳನ್ನು ಒಂದೇ ದೂರದಿಂದ ಎಸೆದು ಅವು ನೆಟ್ಟ ರೀತಿಯನ್ನು ನೋಡಬೇಕು. ಅಂಬುಗಳ ಹಿಂತುದಿಯು ಪಕ್ಕಕ್ಕೆ ಓಲುತ್ತಿದ್ದರೆ, ತೋಳಿಗೆ ಪೆಟ್ಟು ಬೀಳುತ್ತಿದ್ದರೆ, ಬಿಟ್ಟೊಡನೆ ಕೈಯಲ್ಲಿ ನಡುಕವೂ ಒಡಕು ದನಿಯೂ ಉಂಟಾದರೆ ಒಂದು ಕುಣಿಕೆಯನ್ನು ಬಿಡಿಸಿ ಹೆದೆಗೆ ಅದರ ಹುರಿಯ ದಿಕ್ಕಿನಲ್ಲಿಯೇ ನಾಲ್ಕಾರು ಸುತ್ತು ಕೊಟ್ಟು ಮತ್ತೆ ಸಿಕ್ಕಿಸಬೇಕು. ಸುತ್ತಿನಿಂದ ಹೆದೆಯು ಕೂದಲೆಳೆಯಷ್ಟು ಗಿಡ್ಡವಾಗಿ ಅಂತರವು ಅದರ ಇಮ್ಮಡಿ ಏರುವುದೆಂದು ಮೇಲೆಯೇ ಕಂಡಾಯಿತು. ಕಾಲಂಗುಲ, ಅರೆಯಂಗುಲಗಳ ಮೆಟ್ಟಿಲಿನಲ್ಲಿ ಏರುತ್ತ ಹೋದರೆ ಎಂಟಕ್ಕೂ ಹತ್ತಕ್ಕೂ ನಡುವೆ ಎಲ್ಲಿಯೋ ಒಂದೆಡೆ ದನಿಯು ಸಣ್ಣಗಾಗಿ, ಕೈಯ ನಡುಕ ಅಡಗಿ, ಅಂಬುಗಳು ಒತ್ತಾಗಿ ಬೀಳುವುವು. ಅಲ್ಲಿಗೆ ನಿಲ್ಲಿಸಬೇಕು. ಅದಕ್ಕೆ ಮೀರಿ ಏರಿಸಿದರೆ ಲಾಭವಿಲ್ಲದೆ ವೇಗವು ಮಾತ್ರ ಕುಗ್ಗುವುದು. ಹುರಿ ಮಿತಿಮೀರಿದ ಹೆದೆಯೂ ತೆಂಗಿನ ಹಗ್ಗದಂತೆ ಜಗ್ಗತೊಡಗುವುದು. ಸಿಕ್ಕಿದ ಅಂತರವನ್ನು ಒಂದು ಕಡ್ಡಿಯ ಮೇಲೆ ಗುರುತು ಮಾಡಿಟ್ಟುಕೊಂಡರೆ ಪ್ರತಿದಿನವೂ ಹೋಲಿಸಿ ನೋಡಬಹುದು. ಅಳೆಯುವುದು ಹಿಡಿಯ ಒಳಮೈಯಿಂದಲೋ ಹೊರಮೈಯಿಂದಲೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಹಿಡಿಯ ದಪ್ಪದಷ್ಟು, ಅಂದರೆ ಒಂದೆರಡು ಅಂಗುಲ, ವ್ಯತ್ಯಾಸ ಬಂದು ಚರ್ಚೆಯೆಲ್ಲ ವ್ಯರ್ಥವಾಗುವುದು. ಮುಷ್ಟಿಯ ಪರೀಕ್ಷೆಯು ಸ್ವಭಾವವಾಗಿ ಒಳಮೈಯದು.

ಶಿಲ್ಪಗಳಿಂದ ಈ ಅಳತೆಯನ್ನು ತೆಗೆಯಬಹುದೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳಲ್ಲಿ ಭಾರತ ರಾಮಾಯಣಗಳ ಯುದ್ಧಗಳು ತುಂಬಿವೆ. ತುರುಗೋಳಿನ ವೀರಗಲ್ಲುಗಳು ನಾಡಿನಲ್ಲೆಲ್ಲ ಇವೆ. ಆದರೆ ಅಲ್ಲಿ ಬಿಲ್ಲುಗಳು ಹೆಚ್ಚಾಗಿ ಸೆಳೆದ ಸ್ಥಿತಿಯಲ್ಲಿರುವುವು. ಸುಮ್ಮನೆ ಹಿಡಿದ ಬಿಲ್ಲು ಕಂಡರೂ ಕಲ್ಲಿನಲ್ಲಿ ಹೆದೆಯು ಮುರಿಯದಂತೆ ಉಳಿಯಬೇಕೆಂಬ ಚಿಂತೆಯು ಶಿಲ್ಪಿಗೆ ಅಳತೆಗಿಂತ ದೊಡ್ಡದು. ಕೈಗೆ ತಕ್ಕಂತೆ ತಲೆಯನ್ನು ಹಿರಿದಾಗಿಯೋ ಕಿರಿದಾಗಿಯೋ ಮಾಡು­ವವನು ಹೆದೆಯಂತರವನ್ನು ಮಾತ್ರ ಅಂಗುಲ ಎಣಿಸಿ ಕಡೆದನೆಂದು ನಂಬುವುದು ಸರಿಯಲ್ಲ.

ಜೀವಂತವಾದ ಸಾಕ್ಷ್ಯವು ಬೇರೆಡೆಯಿದೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಿಂದೀಚೆಗೆ ಬೇಟೆಯ ಬಿಲ್ಲಿಗೆ ಕೆಲಸ ತಪ್ಪಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಔಡಲದ ಕಡ್ಡಿಯ ಬಿಲ್ಲನ್ನು ಕೈಗೆ ಮುಟ್ಟಿಸುವ ಸಂಪ್ರದಾಯವುಂಟು. ಅದು ಎಸೆಯುವ ಬಿಲ್ಲಲ್ಲ. ಕಂಬಳಿ ನೆಯ್ಯುವವರು ಉಣ್ಣೆ ಹಿಂಜುವ ಬಿಲ್ಲಿನಲ್ಲಿ ಬಿಗುಪಿನ ಜ್ಞಾನವಿದೆ, ಅಂಬಿಲ್ಲ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ವಿಜಯದಶಮಿಯ ದಿನ ಬನ್ನಿಯ ಮರದ ಬಳಿ ಅಂಬು ಹೊಡೆಯುವ ಆಚರಣೆಯಲ್ಲಿ ಮಾತ್ರ ಹೆದೆಯೇರಿಸಿದ ಬಿಲ್ಲಿನಿಂದ ನಿಜವಾಗಿ ಅಂಬು ಹೊರಡುತ್ತದೆ. ಅಂಥ ಬಿಲ್ಲು ಕಂಡ ಅಧ್ಯಾಪಕರು ಅದರ ದಂಡ ಯಾವ ಮರದ್ದು, ಹೆದೆ ಯಾವ ನಾರಿನದು, ಕೊಪ್ಪಿನಿಂದ ಕೊಪ್ಪಿಗೆ ಎಷ್ಟು ಅಂಗುಲ, ಹಿಡಿಯ ಒಳಮೈಯಿಂದ ಹೆದೆಗೆ ಎಷ್ಟು ಎಂಬಿಷ್ಟನ್ನು ಬರೆದಿಟ್ಟುಕೊಳ್ಳಬಹುದು. ಹೆದೆಯೇರಿಸಿದ ಹಿರಿಯರು ಅಂತರವನ್ನು ನೋಡುವುದಕ್ಕೆ ಹೆಬ್ಬೆರಳನ್ನು ನೀಡುವರೋ, ಬರಿಗಣ್ಣಿನಿಂದಲೇ ತೀರ್ಮಾನಿಸುವರೋ, ಆ ಅಳತೆಗೆ ಅವರ ಬಾಯಲ್ಲಿ ಹೆಸರೇನಾದರೂ ಇದೆಯೋ ಎಂಬುದನ್ನು ಕೇಳಿ ತಿಳಿಯಬಹುದು.